ಎರಡೂವರೆ ಬೀಡಿ ಬಿಸಿಲು

ಕ್ಯಾಲನೂರಿನ ಮುನಿಶಾಮಿಗೆ ಸೊಸೆಯ ಓದಿನ ಬಗ್ಗೆ ಹೆಮ್ಮೆಯಷ್ಟೇ ಅನುಮಾನವೂ ಇತ್ತು. ಆಶಾರಾಣಿ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅಲ್ಲಿ ಮೂರು ದಿನ ರಿಪೇರಿ ನಡೆಯುವುದಿತ್ತು. ಅದಕ್ಕೆ ಎಂಟು ಗಾಜಿನ ತುಂಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಊರಿಗೆ ತಂದು, ರಾಗಿ ಮೂಟೆಗಳ ಕತ್ತಲೆ ಕೋಣೆಯಲ್ಲಿಟ್ಟಳು.

ಗಾಜಿನ ಮೇಲೆ ಕೂದಲಿಗಿಂತ ನೂರಾರು ಪಾಲು ತೆಳುವಾದ ಬಣ್ಣದ ಪದರವಿದೆ ಎಂದು ಅವಳು ಊಟಕ್ಕೆ ಕೂತಾಗ ವಿವರಿಸಿದ್ದಳು. ಬಲವಾದ ಬೆಳಕಿನ ಕಣವೊಂದು ಬಿದ್ದರೆ ಮಾಮೂಲಿ ಸೋಲಾರ್ ಪ್ಯಾನಲ್ ಅದರ ಅರ್ಧ ಶಕ್ತಿಯನ್ನು ಬರೀ ಶಾಖ ಮಾಡಿ ಕಳೆಯುತ್ತದೆ. ಈ ಪದರದಲ್ಲಾದರೆ ಆ ಶಕ್ತಿ ಪಕ್ಕಪಕ್ಕದ ಎರಡು ಅಣುಗಳಿಗೆ ಹಂಚಿಹೋಗಿ, ಒಂದರಿಂದ ಎರಡು ಪಾಲು ಕರೆಂಟು ತೆಗೆಯಬಹುದು.

ಒಂದು ಎರಡಾಗುವುದನ್ನು ನೋಡದೆ ಮುನಿಶಾಮಿಗೆ ಸಮಾಧಾನವಿರಲಿಲ್ಲ. ಮಾರನೆಯ ಮಧ್ಯಾಹ್ನ ಅತ್ತೆ ಸೊಸೆ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತರಲು ಹೋದಾಗ ಡಬ್ಬಿಯನ್ನು ಅಂಗಳಕ್ಕೆ ತಂದು ತೆರೆದ. ನವಿಲಿನ ಕತ್ತಿನಂಥ ನೀಲಿ. ಬೀಡಿ ಹಚ್ಚಿ ಕಾದು ಕೂತ. ಎರಡನೆಯ ಬೀಡಿಗೆ ನೀಲಿ ಮಾಸಿತು. ಮೂರನೆಯದು ಅರ್ಧ ಉರಿಯುವಷ್ಟರಲ್ಲಿ ಗಾಜು ಕನ್ನಡಕದಷ್ಟು ತಿಳಿಯಾಗಿತ್ತು.

ಡಬ್ಬಿಯನ್ನು ಮತ್ತೆ ಮುಚ್ಚಿ ಇದ್ದಲ್ಲೇ ಇಟ್ಟ. ಮರುದಿನ ಬೆಳಿಗ್ಗೆ ಸೊಸೆ ಬ್ಯಾಗ್ ಕಟ್ಟುವಾಗ ಬಾಯಿಬಿಟ್ಟ.

"ಡಬ್ಬಿ ನಾನೇ ತೆಗೆದ್ನಮ್ಮ. ಬಣ್ಣ ಹೊರಟೋಯ್ತು."

ಆಶಾರಾಣಿ ಡಬ್ಬಿ ತೆರೆದು ಎಂಟೂ ಗಾಜನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಬಿಸಿಲು, ಗಾಳಿ ಎರಡೂ ಸೇರಿದರೆ ಆ ಪದರ ಉಳಿಯುವುದಿಲ್ಲ.

"ಹುಳದ ಮನೆಗೆ ನಿಮ್ಮನ್ನ ಯಾಕೆ ಸೇರಿಸಲ್ಲ ಅಂತ ಈಗ ಗೊತ್ತಾಯ್ತಾ?" ಎಂದಳು ಹೆಂಡತಿ ಆದಿಲಕ್ಷ್ಮಮ್ಮ. ಅಷ್ಟಕ್ಕೆ ಬಿಡದೆ, ಸೊಸೆಯ ಫೋನಿನಲ್ಲಿ ಅವಳ ಪ್ರೊಫೆಸರ್ ಭೀಮರಾಜ್ ಅವರಿಗೇ ಕರೆ ಮಾಡಿಸಿ, ಹುಡುಗಿಯದೇನೂ ತಪ್ಪಿಲ್ಲ, ಎಲ್ಲ ನಮ್ಮನೆಯವರದೇ ಎಂದು ಹೇಳಿ, ಫೋನನ್ನು ಗಂಡನ ಕೈಗೆ ಕೊಟ್ಟಳು.

ಪ್ರೊಫೆಸರ್ ಬೈಯಲಿಲ್ಲ. ಬಣ್ಣ ಹೋಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದರು.

"ಎರಡೂವರೆ ಬೀಡಿ ಸಾರ್," ಎಂದ ಮುನಿಶಾಮಿ.

ಪ್ರೊಫೆಸರ್ ಫೋನನ್ನು ಸೊಸೆಯ ಕೈಗೆ ಕೊಡಲು ಹೇಳಿದರು. ಆಮೇಲೆ, ಅದು ಎಷ್ಟು ನಿಮಿಷವೆಂದು ಅಳೆದು ಬರೆದುಕೊಂಡು ಬರಲು ಆಶಾರಾಣಿಗೆ ಹೇಳಿದರು; ಹಾಳಾದದ್ದೂ ಒಂದು ಲೆಕ್ಕಕ್ಕೆ ಬರಲಿ ಎಂದು.

ಮುನಿಶಾಮಿ ಅದೇ ಜಾಗದಲ್ಲಿ ಕೂತು ಬೀಡಿ ಹಚ್ಚಿದ. ನಿನ್ನೆ ಮಧ್ಯೆ ಒಂದು ಸಲ ಆರಿತ್ತೆಂದು ಪ್ರಾಮಾಣಿಕವಾಗಿ ಹೇಳಿ, ಈಗಲೂ ಆರಿಸಿ ಮತ್ತೆ ಹಚ್ಚಿದ. ಆಶಾರಾಣಿ ಎದುರಿಗೆ ಮೊಬೈಲ್ ಹಿಡಿದು ಕೂತಳು.

"ನಾನು ನೋಡ್ತಿದ್ದಾಗ ಅದು ಎರಡಾಯ್ತೇನಮ್ಮ?" ಮೆಲ್ಲಗೆ ಕೇಳಿದ.

"ಬಣ್ಣ ಇರೋವರೆಗೂ ಆಗ್ತಾನೇ ಇತ್ತು ಮಾವ. ಕಣ್ಣಿಗೆ ಕಾಣಲ್ಲ, ಅಷ್ಟೆ," ಎಂದಳು. ಅಷ್ಟು ಹೊತ್ತಿಗೆ ಅವಳಿಗೂ ನಗು ಬಂದಿತ್ತು.

ಆದಿಲಕ್ಷ್ಮಮ್ಮ ಸೊಪ್ಪಿನ ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ಗಂಡ ಅಂಗಳದಲ್ಲಿ ಬೀಡಿ ಸೇದುತ್ತಿದ್ದರೂ ಏನೂ ಅನ್ನುವಂತಿರಲಿಲ್ಲ. ಪ್ರೊಫೆಸರ್ ಹೇಳಿದ ಕೆಲಸ. ಹತ್ತೊಂಬತ್ತು ನಿಮಿಷವಾಯಿತು. ಆಶಾರಾಣಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹತ್ತೂವರೆಯ ಬಸ್ಸಿಗೆ ಹೊರಟಳು.