ಉಳಿದ ಪದ

ನಮ್ಮ ಯೆಹೂದಿಗಳಲ್ಲಿ ಜನರನ್ನು ಒಂದು, ಎರಡು ಎಂದು ಎಣಿಸಬಾರದು. ಅದಕ್ಕೆಂದೇ ಹತ್ತು ಪದಗಳ ಒಂದು ವಾಕ್ಯವಿದೆ. ತಲೆಗೊಂದು ಪದ ಹೇಳುತ್ತ ಹೋಗಬೇಕು. ವಾಕ್ಯ ಮುಗಿದರೆ ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಸೇರಿದಂತೆ.

ಆ ಬೆಳಿಗ್ಗೆ ಉಗಾಂಡಾದ ಎಂಬಾಲೆಯ ನಮ್ಮ ಪ್ರಾರ್ಥನಾಮಂದಿರದಲ್ಲಿ ಕೂರಲು ಜಾಗವಿರಲಿಲ್ಲ. ಜೋಹಾನ್ಸ್‌ಬರ್ಗಿನಿಂದ ಯೆಹೂದಿ ಹುಡುಗರನ್ನು ಕರೆತಂದಿದ್ದ ಮೆಲ್ಟ್ಜರ್ ಮೇಷ್ಟ್ರು ಬೆರಳು ತೋರಿಸುತ್ತ ಎಣಿಸತೊಡಗಿದರು. ತಮ್ಮ ಹುಡುಗರ ಮೇಲೆ ಪದ ಬಿತ್ತು, ತಮ್ಮ ಎದೆಯ ಮೇಲೂ ಒಂದು ಬಿತ್ತು. ನನ್ನನ್ನು, ನನ್ನ ಅಜ್ಜನನ್ನು, ನಮ್ಮ ಮೂವತ್ತು ಗಂಡಸರನ್ನು ಆ ಬೆರಳು ಖಾಲಿ ಬೆಂಚುಗಳನ್ನು ದಾಟುವಂತೆ ದಾಟಿತು.

“ಒಂದು ಪದ ಉಳೀತು,” ಎಂದರು. “ಇವತ್ತು ಕದ್ದಿಶ್ ಆಗಲ್ಲ, ಡೋವ್.”

ನನಗೆ ಮೈ ಉರಿದುಹೋಯಿತು. ಮೇಷ್ಟ್ರ ಹುಡುಗರಲ್ಲೊಬ್ಬನಾದ ಡೋವ್‌ನ ತಾಯಿ ತೀರಿಕೊಂಡು ಅಂದಿಗೆ ಒಂದು ವರ್ಷ. ಸತ್ತವರಿಗಾಗಿ ಮಗ ಹೇಳುವ ಆ ಪ್ರಾರ್ಥನೆಯನ್ನು ಹತ್ತು ಮಂದಿ ಇಲ್ಲದೆ ಹೇಳುವಂತಿಲ್ಲ. ವಾರವಿಡೀ ಅವನಿಗೆ ಅದೇ ಚಿಂತೆ. ನಮ್ಮ ಮನೆಯಲ್ಲೇ ಮಲಗಿ, ನನ್ನ ಜೊತೆ ಕಾಫಿ ಹಣ್ಣು ಕಿತ್ತು, ಬೇಯಿಸಿದ ಬಾಳೆಕಾಯಿಗೆ ಮೂಗು ಮುರಿದು ನನ್ನ ಅಮ್ಮನ ಕೈಲಿ ಬೈಸಿಕೊಂಡ ಹುಡುಗ ಅವನು. ಕಾಫಿ ಗಿಡದ ಕೆಳಗೆ ಕೂತು ತಾಯಿಯ ಮಾತೆತ್ತಿ ಅತ್ತದ್ದು ನನ್ನೊಬ್ಬನ ಮುಂದೆಯೇ.

“ಮಂದಿರದ ತುಂಬ ಜನ ಇದ್ದಾರಲ್ಲ ಸರ್?” ಎಂದ ಡೋವ್.

“ನಮ್ಮ ರಬ್ಬಿಗಳು ಇವರನ್ನ ಯೆಹೂದಿಗಳು ಅಂತ ಇನ್ನೂ ಒಪ್ಪಿಲ್ಲಪ್ಪ. ನಾನೇನು ಮಾಡಲಿ?”

ಅಜ್ಜ ಕೋಲೂರಿ ಎದ್ದ. “ಈ ದೇಶದಲ್ಲಿ ಯೆಹೂದಿಗಳು ಪ್ರಾರ್ಥನೆ ಮಾಡಿದ್ರೆ ಜೈಲಿಗೆ ಹಾಕ್ತಿದ್ದ ಕಾಲದಲ್ಲಿ ನಾವು ಬಾಳೆತೋಟದಲ್ಲಿ ಬಚ್ಚಿಟ್ಕೊಂಡು ಮಾಡಿದ್ವಿ ಸ್ವಾಮಿ. ಆಗ ಪೊಲೀಸ್ನೋರು ಎಣಿಸೋವಾಗ ನಮ್ಮೋರಲ್ಲಿ ಒಬ್ಬರನ್ನೂ ಬಿಡ್ತಿರಲಿಲ್ಲ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. ಡೋವ್ ತನ್ನ ಪುಸ್ತಕ ಎತ್ತಿಕೊಂಡು ಬಂದು ನನ್ನ ಪಕ್ಕ ಒತ್ತಿಕೊಂಡು ಕೂತ.

“ಈಗ ಎರಡು ಪದ ಉಳಿದ್ವು, ಸರ್.”

“ತಲೆ ಕೆಟ್ಟಿದ್ಯೇನೋ? ಅಲ್ಲಿ ಹೇಳಿದ್ದು ಲೆಕ್ಕಕ್ಕೇ ಬರಲ್ಲ. ನಿಮ್ಮಪ್ಪ ಕೇಳಿದ್ರೆ ಏನಂತೀಯ?”

“ಸತ್ತಿರೋಳು ನಮ್ಮಮ್ಮ ಸರ್. ಯಾರ ಮಧ್ಯೆ ನಿಂತು ಹೇಳಬೇಕು ಅಂತ ನನಗೆ ಗೊತ್ತು.” ಅವನು ನನ್ನ ಕಡೆ ತಿರುಗಿದ. “ನೀನು ಎಣಿಸೋ, ಎಲ್ಕಾನಾ.”

ಎದ್ದೆ. ಮೊದಲ ಪದ ಅಜ್ಜನ ಮೇಲಿಟ್ಟೆ, ಕೊನೆಯದನ್ನು ಡೋವ್‌ನ ಮೇಲೆ. ನಮ್ಮ ಕಡೆ ಪದ ಮುಗಿದವು, ಜನ ಉಳಿದರು.

ಡೋವ್ ನಿಂತು ಹೇಳತೊಡಗಿದ. ಅಜ್ಜ ಅವನ ಬೆನ್ನ ಮೇಲೆ ಕೈಯಿಟ್ಟ. ನಮ್ಮವರ ಆಮೆನ್‌ಗೆ ತಗಡಿನ ಮಾಡು ಗುಂಯ್‌ಗುಟ್ಟಿತು. ಮೇಷ್ಟ್ರು ಆಮೆನ್ ಅಂದರೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ.