ನೂರಮೂವತ್ತು ಅಡಿ ಕೆಳಗೆ ಐದು ನಿಮಿಷ

ಹಳದಿ, ಇಷ್ಟೊಂದು ಹಳದಿ ಈ ನೀರಿನಲ್ಲಿ ಇರಬಾರದು, ಇಲ್ಲಿ ಎಲ್ಲವೂ ಹಸಿರು, ಪಾಚಿಹಸಿರು, ಬೂದಿಹಸಿರು, ತುಕ್ಕಿನ ಕಬ್ಬಿಣಕ್ಕೆ ತರಚಿದ ಮಣಿಕಟ್ಟಿನಿಂದ ಎಳೆಎಳೆಯಾಗಿ ಹೊರಡುತ್ತಿರುವ ತನ್ನ ರಕ್ತವೂ ಹಸಿರೇ — ಆ ಕೈಗವಸು ಮಾತ್ರ, ಬ್ಯಾಟರಿಯ ಬೆಳಕು ಬಿದ್ದದ್ದಕ್ಕೋ ಏನೋ, ಅಂಗಡಿಯಲ್ಲಿ ಕೊಂಡ ದಿನದ ಹಳದಿ, ಹಡಗಿನ ಕಪ್ಪು ಬಾಗಿಲಿನಿಂದ ಹೊರಕ್ಕೆ ಚಾಚಿತು, ಐದು ಬೆರಳು ಬಿಚ್ಚಿ ತೋರಿಸಿತು, ಒಳಗೆ ಹೋಯಿತು. ಐದು ನಿಮಿಷ. ಮುಖ ಕಾಣಲಿಲ್ಲ, ಕೈಯಷ್ಟೇ. ನಿರುಪಮಾ ಹಡಗಿನ ಕಟಕಟೆಯನ್ನು ಎರಡೂ ಕೈಯಿಂದ ಅವುಚಿ ಹಿಡಿದಳು, ಯುದ್ಧದ ಕಾಲದಲ್ಲಿ ಮುಳುಗಿದ ಸರಕಿನ ಹಡಗು, ಬೆಲ್ಮಾರ್ ಬಂದರಿನ ಕಟ್ಟೆಯಿಂದ ಮೂರು ತಾಸಿನ ದೋಣಿದಾರಿ, ತಲೆಯ ಮೇಲೆ ನೂರಮೂವತ್ತು ಅಡಿ ಅಟ್ಲಾಂಟಿಕ್ಕು, ಒಳಗೆ ಇವರು. ಇವರು ಅಂದರೆ ಜಯತೀರ್ಥ, ಗಂಡ, ಮದುವೆಯಾಗಿ ಹದಿನಾಲ್ಕು ತಿಂಗಳು, ಮನಸ್ಸಿನೊಳಗೆ ಕೂಡ ಅವಳಿಗೆ ಆ ಹೆಸರು ಹಿಡಿದು ಕರೆಯಲಿಕ್ಕೆ ಆಗುವುದಿಲ್ಲ. ಒಳಗೊಂದು ಹಿತ್ತಾಳೆಯ ದುಂಡು ಕಿಟಕಿ ಇದೆಯಂತೆ, ಹಿಂದಿನ ವಾರ ಅರ್ಧ ಸಡಿಲಿಸಿ ಬಂದದ್ದು, ಈಗ ಕಣ್ ಕಣ್ ಎಂದು ಸುತ್ತಿಗೆ, ನೀರಿನಲ್ಲಿ ಸದ್ದಿಗೆ ದಿಕ್ಕಿಲ್ಲ, ತನ್ನ ತಲೆಬುರುಡೆಯೊಳಗೇ ಯಾರೋ ಕೂತು ಬಡಿಯುತ್ತಿರುವ ಹಾಗೆ. ಗಡಿಯಾರ ನೋಡಿದಳು. ಏಳು ನಿಮಿಷ ಆಗಿದೆ. ಹತ್ತು ನಿಮಿಷಕ್ಕೆ ಮೇಲೆ ಹೊರಡಬೇಕು, ನೂರಮೂವತ್ತು ಅಡಿಗೆ ಹತ್ತೇ ನಿಮಿಷ, ಹತ್ತು ದಾಟಿದರೆ ದಾರಿಯಲ್ಲಿ ಹಗ್ಗ ಹಿಡಿದು ನಿಂತು ನಿಂತು ಹೋಗಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗುಳ್ಳೆ ಏಳುತ್ತವೆ — ಆ ಕೋಷ್ಟಕವನ್ನು ಡೈರಿಯ ಹಿಂದಿನ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾಳೆ, ಬಿ.ಎಸ್ಸಿ. ಪರೀಕ್ಷೆಯ ಹಿಂದಿನ ದಿನ ಸೂತ್ರ ಬರೆದುಕೊಂಡ ಹಾಗೆ. ಏಳಕ್ಕೆ ಐದು ಸೇರಿದರೆ ಹನ್ನೆರಡು. ಇವರಿಗೆ ಕೂಡಿಸಲಿಕ್ಕೆ ಬರುವುದಿಲ್ಲವೇ, ಇಂಜಿನಿಯರು, ಜರ್ಸಿ ಸಿಟಿಯಲ್ಲಿ ಸೇತುವೆಗಳ ಲೆಕ್ಕ ಹಾಕುವವರು.

ಇವರ ಬೆನ್ನ ಮೇಲೆ ಎರಡು ಸಿಲಿಂಡರು, ತನ್ನ ಬೆನ್ನ ಮೇಲೆ ಒಂದು. ಇವರ ಐದು ನಿಮಿಷ ಬೇರೆ, ತನ್ನ ಐದು ನಿಮಿಷ ಬೇರೆ, ಬೆಳಿಗ್ಗೆ ಕಟ್ಟೆಯ ಮೇಲೆಯೇ ಇದು ಹೊಳೆದಿತ್ತು, ಹೇಳಲಿಲ್ಲ. ದೋಣಿಯ ಯಜಮಾನ, ಬಿಸಿಲಿಗೆ ಸುಟ್ಟ ಮುದುಕ, ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತ ಬಂದ, ಈ ಹಡಗು ಹೊಸಬರಿಗಲ್ಲ, ನೂರಡಿಗಿಂತ ಆಳ ಎಷ್ಟು ಸಲ ಹೋಗಿದ್ದೀ, ಲೇಡಿ? ಅವಳು ಬಾಯಿ ತೆರೆಯುವಷ್ಟರಲ್ಲಿ ಇವರು, ಫಿಫ್ಟೀನ್, ಅಂದರು. ಯಜಮಾನ ಅವಳನ್ನೇ ನೋಡಿದ. ಹೊರಗಿನವರ ಎದುರಿಗೆ ಗಂಡ ಹೇಳಿದ್ದನ್ನು ಅಲ್ಲಗಳೆಯುವುದು ಹೇಗೆ, ಅವ್ವ ಹದಿನೆಂಟು ವರ್ಷ ಅಪ್ಪನಿಗೆ ಎದುರಾಡದೆ ಮುಂಡಿಗೆಯ ಕಂಬಕ್ಕೆ ಆನಿಕೊಂಡು ನಿಂತದ್ದನ್ನು ನೋಡಿದವಳು — ನಕ್ಕಳು, ನಕ್ಕರೆ ಹೌದು ಅಂತ ಬರೆದುಕೊಂಡ. ಎರಡು. ನಿಜಕ್ಕೆ ಎರಡೇ ಸಲ, ಪೆನ್ಸಿಲ್ವೇನಿಯಾದ ಕಲ್ಲುಗಣಿಯಲ್ಲಿ ನಿಂತ ನೀರಿನಲ್ಲಿ, ತಾರೀಖಿನ ಸಮೇತ ಡೈರಿಯಲ್ಲಿದೆ. ಆಮೇಲೆ ಯಜಮಾನನ ಕೈಯಾಳು, ಭುಜದ ತುಂಬ ಹಚ್ಚೆ, ಬೆನ್ನ ಹಿಂದೆ ಬಂದು, ನಿನ್ನ ಸರಳು ನೋಡಲೇ, ಅಂದ — ಸಿಲಿಂಡರಿನ ಪಕ್ಕಕ್ಕೆ ಸೊಂಟದ ತನಕ ಇಳಿಯುವ ಒಂದು ತಂತಿಸರಳು, ಅದು ಮೇಲಿರಬೇಕು, ಗಾಳಿ ಮುಗಿಯುತ್ತ ಬಂದು ಉಸಿರು ಬಿಗಿದಾಗ ಕೆಳಗೆ ಎಳೆದರೆ ಕೂಡಿಟ್ಟ ಕೊನೆಯ ಗಾಳಿ ಬಿಟ್ಟುಕೊಳ್ಳುತ್ತದೆ — ಅವನ ಕೈ ಬೆನ್ನಿಗೆ ತಾಗುವ ಮೊದಲೇ ಅವಳು ಒಂದು ಹೆಜ್ಜೆ ಸರಿದಳು, ಚೆಕ್ಡ್, ಚೆಕ್ಡ್, ಥ್ಯಾಂಕ್ಯೂ. ಯಾರು ನೋಡಿದ್ದರು? ಯಾರೂ ಇಲ್ಲ. ಇವರು ನೋಡಿರಬಹುದು ಅಂದುಕೊಂಡಳು, ಅವಳೇ ನೋಡಿಕೊಂಡಿರಬಹುದು ಅಂತ ಇವರು ಅಂದುಕೊಂಡರು.

ಎಂಟು ನಿಮಿಷ. ಇಲ್ಲಿ ಒಂದು ಉಸಿರೆಂದರೆ ಮೇಲಿನ ಐದು ಉಸಿರು, ಕಲಿಸಿದವರು ಹೇಳಿದ್ದರು, ಮೆಲ್ಲಗೆ ಎಳೆ, ಹೆದರಿದರೆ ಬೇಗ ಖರ್ಚಾಗುತ್ತದೆ, ಹೆದರಬೇಡ ಅಂದರೆ ಹೆದರದೆ ಇರುತ್ತಾರೆಯೇ ಯಾರಾದರೂ. ರಬ್ಬರಿನ ಅಂಗಿಯ ಒಳಗೆ ತಾಳಿಯ ಎರಡು ಬಟ್ಟಲು ಎದೆಗೂಡಿಗೆ ಒತ್ತಿ ಒತ್ತಿ ನೋವು, ಈ ಆಳದಲ್ಲಿ ತಲೆಯೊಳಗೆ ಒಂದು ಥರ ಅಮಲು, ನಗು ಬರುವ ಹಾಗಿದೆ, ಬೇಡ, ನಗಬಾರದು — ಹಿಂದೊಮ್ಮೆ ಊಟಕ್ಕೆ ಕರೆದ ಜೆರಿಕೋ ಊರಿನ ಪಂಕಜಾ ಆಂಟಿ ಚಪಾತಿ ಲಟ್ಟಿಸುತ್ತ ಕೇಳುತ್ತಿದ್ದಾರೆ, ಅಲ್ಲಾ ಕಣ್ರೀ, ಮೀನು ತಿನ್ನಲ್ಲ, ಮೀನು ಹಿಡಿಯಲ್ಲ, ಮತ್ತೆ ಅಷ್ಟು ಕೆಳಗೆ ಯಾಕ್ರೀ ಹೋಗ್ತೀರಾ? ಹಿತ್ತಾಳಿ ತರಲಿಕ್ಕೆ, ಆಂಟಿ, ಅಂದರು ಇವರು. ಅಯ್ಯೋ, ಹಿತ್ತಾಳೆ ಬೇಕಿದ್ರೆ ಮೈಸೂರಲ್ಲಿ ನಮ್ಮಮ್ಮನ ಮನೇಲಿ ಕೊಪ್ಪರಿಗೆ ಬಿದ್ದಿದೆ, ತೊಗೊಂಡ್ಹೋಗಿ, ತಿಕ್ಕೋದಕ್ಕೆ ಹುಣಿಸೇಹಣ್ಣೂ ನಾನೇ ಕೊಡ್ತೀನಿ. ಎಲ್ಲರೂ ನಕ್ಕರು. ನಿರೂ, ನಿಂಗೆ ಭಯ ಆಗಲ್ವೇನೇ? ಆಗಲೂ ಬಾಯಿ ತೆರೆದಿದ್ದಳು, ಆಗಲೂ ಇವರೇ, ಅಕಿಗೆ ಏನ ಭಯ ಬಿಡ್ರಿ, ಅಕಿ ನನಕಿಂತ ಗಟ್ಟಿ. ಆ ರಾತ್ರಿ ಡೈರಿಯಲ್ಲಿ ಒಂದೇ ಶಬ್ದ ಬರೆದಳು, ಒಲ್ಲೆ, ಬರೆದು ಪುಟ ಮಡಿಚಿಟ್ಟಳು, ಯಾರಿಗೆ ಕಾಣಲಿ ಅಂತ, ಯಾರಿಗೆ ಕಾಣದಿರಲಿ ಅಂತ. ಕೈಗವಸು ಬಾಗಿಲಲ್ಲಿಲ್ಲ. ಕೆಸರು ಹೊರಬರುತ್ತಿದೆ, ಒಲೆಯ ಹೊಗೆಯ ಹಾಗೆ ಸುರುಳಿಸುರುಳಿ, ಇವರು ಒಳಗೆ ಒದ್ದಾಡಿದ ಹಾಗೆಲ್ಲ ಕೆಸರು.

ಐದ ನಿಮಿಷ, ಬಂದಬಿಟ್ಟೆ. ಕಳೆದ ಜನವರಿಯಲ್ಲಿ, ಪೆಟ್ರೋಲು ಸಿಗದೆ ಊರೆಲ್ಲ ಸಾಲು ನಿಂತಾಗ, ಹೀಗೇ ಐದು ಬೆರಳು ತೋರಿಸಿ ಕಾಫಿ ತರಲಿಕ್ಕೆ ಹೋದರು, ಅವಳನ್ನು ಕಾರಿನಲ್ಲಿ ಕೂಡಿಸಿ. ಸಾಲು ಮುಂದೆ ಸರಿಯಿತು, ಅವಳಿಗೆ ಕಾರು ನಡೆಸಲಿಕ್ಕೆ ಬರುವುದಿಲ್ಲ, ಹಿಂದೆ ಒಂದು ಹಾರ್ನು, ನಾಲ್ಕು ಹಾರ್ನು, ಇಪ್ಪತ್ತು, ಒಬ್ಬ ಬಂದು ಉಂಗುರದ ಬೆರಳಿನಿಂದ ಗಾಜು ಕುಟ್ಟಿದ, ಲೇಡಿ, ಮೂವ್ ಇಟ್, ಅವಳು ತೊಡೆಯ ಮೇಲೆ ಕೈ ಇಟ್ಟುಕೊಂಡು ನೇರ ಮುಂದೆ ನೋಡುತ್ತ, ಇಳಿದು ಓಡಲಿಕ್ಕೂ ಧೈರ್ಯವಿಲ್ಲ, ಇವರು ಕಾಗದದ ಎರಡು ಕಪ್ಪು ಹಿಡಿದು ನಗುತ್ತ ಬಂದಾಗ ಅರ್ಧ ತಾಸು, ನೀ ಯಾಕ ಅತ್ತಿ, ಕಾರೇನ ಓಡಿ ಹೋಗ್ತಿತ್ತೇನು? ಒಳ್ಳೆಯವರು, ಬೈಯುವುದಿಲ್ಲ, ಹೊಡೆಯುವುದಿಲ್ಲ, ಜ್ವರ ಬಂದಾಗ ಗಂಜಿ ಮಾಡಿ ಕುಡಿಸಿದವರು, ಏನೂ ಆಗಂಗಿಲ್ಲ ಅನ್ನುವುದು ಇವರ ಊರುಗೋಲು, ಇವರಿಗೆ ಇಲ್ಲಿಯತನಕ ಏನೂ ಆಗಿಲ್ಲ. ಹತ್ತು ನಿಮಿಷ. ಉಸಿರು ಎಳೆದಳು — ಸೊರಗಿ ಬಂತು, ಯಾರೋ ಆ ತುದಿಯಲ್ಲಿ ಕೊಳವೆ ಹಿಸುಕಿದ ಹಾಗೆ. ಮತ್ತೆ ಎಳೆದಳು, ಇನ್ನೂ ಬಿಗಿ. ಆಯಿತು, ಇದು ಗೊತ್ತಿರುವುದೇ, ಇದಕ್ಕೇ ಸರಳು ಇದೆ, ಕೈ ಹಿಂದೆ ಹೋಯಿತು, ಸೊಂಟದ ಬಳಿ ಸರಳಿನ ಕೊಂಡಿ ಸಿಕ್ಕಿತು, ಎಳೆದಳು, ಬರಲಿಲ್ಲ. ಬರಲಿಲ್ಲ ಅಂದರೆ — ಅದು ಕೆಳಗೇ ಇದೆ. ಮೊದಲಿನಿಂದಲೂ ಕೆಳಗೇ ಇದೆ. ಕೂಡಿಟ್ಟ ಗಾಳಿಯನ್ನು ಅವಳು ಆಗಲೇ ಉಸಿರಾಡಿ ಮುಗಿಸಿದ್ದಾಳೆ, ಪಂಕಜಾ ಆಂಟಿಯ ಜೊತೆಗೆ, ಹಾರ್ನುಗಳ ಜೊತೆಗೆ, ಚೆಕ್ಡ್, ಥ್ಯಾಂಕ್ಯೂ, ಆ ಹಚ್ಚೆಯ ಕೈ ಒಂದು ಸಲ ಬೆನ್ನಿಗೆ ತಾಗಿದ್ದರೆ ಏನಾಗುತ್ತಿತ್ತು, ನೀನೇನು ಕರಗುತ್ತಿದ್ದೆಯಾ!

ಚಾಕು ತೆಗೆದು ಅದರ ಹಿಡಿಯಿಂದ ಕಟಕಟೆಗೆ ಬಡಿದಳು, ಒಂದು, ಎರಡು, ಮೂರು. ಸುತ್ತಿಗೆ ನಿಂತಿತು. ದೇವರೇ, ಕೇಳಿಸಿತು. ಕೆಸರಿನ ನಡುವಿನಿಂದ ಕೈಗವಸು ಹೊರಬಂತು, ಐದು ಬೆರಳು, ಹಳದಿ. ಅವಳು ಕತ್ತಿನ ಮೇಲೆ ಅಂಗೈ ಎಳೆದು ತೋರಿಸಿದಳು, ಗಾಳಿ ಇಲ್ಲ, ಗಾಳಿ ಇಲ್ಲ, ಹೆಬ್ಬೆರಳು ಮೇಲಕ್ಕೆ, ಮೇಲೆ ಹೋಗಬೇಕು — ಕೈಗೆ ಕಣ್ಣಿಲ್ಲ. ಕೈಗವಸು ಒಳಗೆ ಹೋಯಿತು. ಕಣ್ ಕಣ್. ಒಳಗೆ ಹೋಗಿ ಇವರ ಕೊಳವೆ ಕೇಳಬೇಕು, ಪುಸ್ತಕದಲ್ಲಿ ಹಾಗಿದೆ, ಒಂದು ಉಸಿರು ನಿನಗೆ ಒಂದು ಉಸಿರು ನನಗೆ, ಆದರೆ ಬಾಗಿಲೊಳಗೆ ಏನೂ ಕಾಣಿಸುವುದಿಲ್ಲ, ಎಂಟು ಮಾರು ದೂರವೋ, ಹತ್ತೋ, ಎಡವೋ ಬಲವೋ, ಹೋಗಿ ತಲುಪದಿದ್ದರೆ. ಹಗ್ಗ ಇಲ್ಲೇ ಇದೆ, ಮೊಣಕೈ ಪಕ್ಕದಲ್ಲಿ, ದೋಣಿಯ ಲಂಗರಿನ ಹಗ್ಗ, ಮೇಲೆ ಹಸಿರಿನಲ್ಲಿ ಕರಗಿ ಹೋಗಿದೆ. ಹೇಳದೆ ಹೋಗುವುದೇ? ಧಾರವಾಡದಲ್ಲಿ ಸ್ಟೇಷನ್ನಿಗೆ ಹೋಗುವಾಗಲೂ ಯಾರನ್ನಾದರೂ ಜೊತೆ ಕಳಿಸುತ್ತಿದ್ದರು, ಜರ್ಸಿ ಸಿಟಿಯಲ್ಲಿ ಹಾಲು ತರಲಿಕ್ಕೆ ಹೊರಟರೂ ಚೀಟಿ ಬರೆದಿಟ್ಟು ಹೋಗುತ್ತಾಳೆ. ಇನ್ನೊಂದು ಉಸಿರು, ಕಲ್ಲು ಹೀರಿದ ಹಾಗೆ. ಕಟಕಟೆಯಿಂದ ಕೈ ತಾನಾಗಿ ಬಿಡಲಿಲ್ಲ, ಒಂದೊಂದೇ ಬೆರಳು ಬಿಡಿಸಿಕೊಂಡಳು, ಹಗ್ಗ ಹಿಡಿದಳು, ಕಾಲು ಬಡಿದಳು, ಬಾಗಿಲು ಕೆಳಗಾಯಿತು.

ಉಸಿರು ಹಿಡಿಯಬೇಡ. ಹಿಡಿದರೆ ಎದೆ ಒಡೆಯುತ್ತದೆ, ಮೇಲೆ ಹೋದಂತೆ ಒಳಗಿನ ಗಾಳಿ ಹಿಗ್ಗುತ್ತದೆ, ಬಿಡುತ್ತಲೇ ಇರಬೇಕು — ಮತ್ತು ಅವಳಿಗೆ ಜಗತ್ತಿನಲ್ಲಿ ಚೆನ್ನಾಗಿ ಬರುವುದು ಅದೊಂದೇ, ಉಸಿರು ಹಿಡಿಯುವುದು, ಅಪ್ಪ ಸಂಧ್ಯಾವಂದನೆಗೆ ಕೂತು ಮೂಗು ಹಿಡಿದಾಗ ಕಂಬದ ಹಿಂದೆ ನಿಂತು ತಾನೂ ಹಿಡಿಯುತ್ತಿದ್ದಳು, ಅಪ್ಪ ಬಿಟ್ಟರೂ ಅವಳು ಬಿಡುತ್ತಿರಲಿಲ್ಲ. ಬಿಡು, ಬಿಡು, ಆ ಅನ್ನು, ಆ — ಗುಳ್ಳೆಗಳು ಮುಖದ ಮುಂದೆ ಹತ್ತುತ್ತಿವೆ, ಸಣ್ಣ ಗುಳ್ಳೆಗಿಂತ ಬೇಗ ಹೋಗಬೇಡ, ಹೇಗೆ ಹೋಗದಿರುವುದು, ಕಾಲು ಓಡುತ್ತಿವೆ, ಹಗ್ಗ ಅಂಗೈಯಲ್ಲಿ ಉರಿಯುತ್ತದೆ, ಕೆಳಗೆ ನೋಡಬೇಡ, ನೋಡಿದಳು, ಹಡಗಿಲ್ಲ, ಹಸಿರು, ಮೇಲೆಯೂ ಹಸಿರು, ಎಷ್ಟು ದೂರ ಬಂದೆ, ಒಳಗಿದ್ದದ್ದೆಲ್ಲ ಮುಗಿಯಿತು, ಇನ್ನು ಆ ಅನ್ನಲಿಕ್ಕೂ ಏನೂ ಇಲ್ಲ, ಕಣ್ಣಂಚಿನಿಂದ ಕಪ್ಪು ಮುತ್ತುತ್ತಿದೆ, ಸುಮ್ಮನೆ ಒಮ್ಮೆ ಎಳೆದು ನೋಡಿದಳು, ಬಂತು! ಅರ್ಧ ಉಸಿರು, ತೆಳ್ಳಗೆ, ಲೋಹದ ರುಚಿ, ಮೇಲೆ ಬಂದಂತೆ ಸಿಲಿಂಡರಿನ ತಳದಲ್ಲಿ ಉಳಿದದ್ದು ಬಿಟ್ಟುಕೊಡುತ್ತದೆ, ಓದಿದ್ದಳು, ನಂಬಿರಲಿಲ್ಲ. ಆ. ಹಸಿರು ತಿಳಿಯಾಯಿತು, ಹಗ್ಗಕ್ಕೆ ಹತ್ತಡಿಯ ಗುರುತಿಗೆ ಕಟ್ಟಿದ ಕೆಂಪು ಬಟ್ಟೆ, ಕೆಂಪು ಕೆಂಪಾಗಿಯೇ ಕಂಡಿತು, ಅದು ಕೆಳಗೆ ಸರಿಯಿತು, ಬೆಳ್ಳಿಯ ತಗಡಿನಂಥ ಮೇಲ್ಮೈ ತಲೆಗೆ ತಾಗಿ ಒಡೆಯಿತು.

ಗಾಳಿ, ಡೀಸೆಲ್ಲಿನ ನಾತದ ಗಾಳಿ, ಬಾಯಿ ತುಂಬ, ಉಪ್ಪು, ವಾಂತಿ, ಮತ್ತೆ ಗಾಳಿ. ಕಬ್ಬಿಣದ ಏಣಿಗೆ ಜೋತುಬಿದ್ದಳು. ಯಜಮಾನ ಬಗ್ಗಿದ, ಲೇಡಿ, ಜೇ ಎಲ್ಲಿ? ಇಲ್ಲಿಯವರ ಬಾಯಲ್ಲಿ ಇವರು ಜೇ. ಡೌನ್, ಅಂದಳು, ಹಿ ಡಸ್ ನಾಟ್ ನೋ. ಏನು ಗೊತ್ತಿಲ್ಲ? ಐ ಕೇಮ್. ಹಿ ಡಸ್ ನಾಟ್ ನೋ ಐ ಕೇಮ್. ಮುದುಕನ ಮುಖದಿಂದ ನಗು ಬಟ್ಟೆ ಒರೆಸಿದ ಹಾಗೆ ಹೋಯಿತು. ದೋಣಿಯ ಹಿಂಬದಿಗೆ ಸ್ವಲ್ಪ ದೂರ ನೀರಿನಲ್ಲಿ ಒಂದು ಕಡೆ ಗುಳ್ಳೆ ಏಳುತ್ತಿದ್ದವು, ಅನ್ನದ ಎಸರು ಕುದಿಯುವ ಹಾಗೆ, ಅದು ಇವರ ಉಸಿರು, ಇದ್ದಾರೆ, ಒಂದೇ ಕಡೆ ಕುದಿಯುತ್ತಿದೆ ಅಂದರೆ ಇನ್ನೂ ಕಿಟಕಿಯ ಹತ್ತಿರವೇ ಇದ್ದಾರೆ, ಸಡಿಲಾದ ಸಂದಿಯಿಂದ ಉಸಿರು ಹೊರಬರುತ್ತಿದೆ. ಅವಳು ಅದನ್ನೇ ನೋಡುತ್ತಿದ್ದ ಹಾಗೆ ಎಸರು ಜಾಗ ಬಿಟ್ಟಿತು. ಎಡಕ್ಕೆ ಹೋಯಿತು, ತಿರುಗಿ ಬಂತು, ಬಲಕ್ಕೆ, ಒಂದು ಸುತ್ತು, ಇನ್ನೊಂದು ಸುತ್ತು. ಹಿ ಈಸ್ ಲುಕಿಂಗ್ ಫಾರ್ ಯೂ, ಯಜಮಾನ ಮೆಲ್ಲಗೆ ಅಂದ, ಆಮೇಲೆ ಜೋರಾಗಿ ಕೈಯಾಳಿಗೆ, ಹೊಡೆಯೋ, ಹೊಡಿ! ಹಚ್ಚೆಯವನು ಸುತ್ತಿಗೆಯಿಂದ ಏಣಿಗೆ ಬಡಿಯತೊಡಗಿದ, ಮೇಲೆ ಬಾ ಅನ್ನುವ ಬಡಿತ, ಅವಳ ಹಲ್ಲುಗಳೆಲ್ಲ ಅದುರಿದವು, ಇನ್ನೊಬ್ಬ ಯಾರೋ ಬೈಯುತ್ತ ರಬ್ಬರಂಗಿಯೊಳಗೆ ಕಾಲು ತೂರಿಸುತ್ತಿದ್ದ. ಇವರಿಗೆ ಕಟಕಟೆ ಖಾಲಿ ಕಂಡಿರಬೇಕು. ತಿರುಗಿ ನೋಡಿರಬೇಕು, ಕೈ ಮಾತ್ರವಲ್ಲ, ಈ ಸಲ ಮುಖ ಹೊರಗೆ ಹಾಕಿ — ಇಲ್ಲೇ ನಿಲ್ಲು ಅಂದರೆ ನಿಲ್ಲುವವಳು, ಅರ್ಧ ತಾಸು ಹಾರ್ನಿನ ನಡುವೆ ಕೂತವಳು, ಇಲ್ಲ ಅಂದರೆ ಬಿದ್ದಿರಬೇಕು, ಹಡಗಿನ ಯಾವುದೋ ಸಂದಿಯಲ್ಲಿ ಸಿಕ್ಕಿರಬೇಕು, ಮೇಲೆ ಹೋಗಿರಬಹುದು ಅನ್ನುವುದು ಇವರ ತಲೆಗೆ ಹೊಳೆಯುವುದೇ ಇಲ್ಲ, ಹೊಳೆಯುವ ಹಾಗೆ ತಾನು ಒಂದು ದಿನವೂ ಇರಲಿಲ್ಲ. ಹುಡುಕಲಿಕ್ಕೆ ಒಳಗೆ ಹೋಗಿಬಿಟ್ಟರೆ! ಗುಳ್ಳೆ ನಿಂತವು. ನೀರು ಸಪಾಟಾಯಿತು, ಬಿಸಿಲು ಹೊಳೆಯಿತು, ಒಂದು ಸೀಗಲ್ ಹಕ್ಕಿ ಬಂದು ಅಲ್ಲೇ ಕೂತಿತು. ಕಿಟಕಿಯನ್ನೂ ದಾಟಿ ತೀರ ಒಳಗೆ ಹೋಗಿದ್ದಾರೆ, ಉಸಿರು ಹಡಗಿನ ಚಾವಣಿಗೆ ತಾಗಿ ನಿಂತಿದೆ, ಬರ್ರಿ, ನಾ ಇಲ್ಲಿದ್ದೇನ್ರಿ, ಬರ್ರಿ ಹೊರಗ, ಅವಳು ಇದನ್ನೆಲ್ಲ ಗಟ್ಟಿಯಾಗಿ ಕೂಗುತ್ತಿದ್ದಾಳೆಂದು ಹಚ್ಚೆಯವನು ಬಡಿಯುವುದನ್ನು ನಿಲ್ಲಿಸಿ ನೋಡಿದಾಗಲೇ ತಿಳಿದದ್ದು. ಎಷ್ಟು ಹೊತ್ತು. ಗಡಿಯಾರ ನೋಡಲಿಕ್ಕೆ ಭಯ. ಸೀಗಲ್ ಎದ್ದು ಹಾರಿತು, ಅದರ ಕೆಳಗೆ ನೀರು ಕುದಿಯತೊಡಗಿತ್ತು, ಕುದಿಯುತ್ತ ಹಗ್ಗದ ಕಡೆಗೆ ಬರತೊಡಗಿತು.

ಮುಖಕ್ಕೆ ಗಾಜು ಒತ್ತಿಕೊಂಡು ನೀರಿನಲ್ಲಿ ಅದ್ದಿದಳು. ಗುಳ್ಳೆ, ಬರೀ ಗುಳ್ಳೆ, ಆಮೇಲೆ ಗುಳ್ಳೆಗಳ ನಡುವೆ ಇವರು. ಕೆಂಪು ಬಟ್ಟೆಯ ಹತ್ತಿರ ನಿಂತರು, ನಿಲ್ಲಲೇಬೇಕು, ಹತ್ತರ ಬದಲು ಇಪ್ಪತ್ತು ನಿಮಿಷ ತಳದಲ್ಲಿದ್ದವರು ನೇರ ಬರುವ ಹಾಗಿಲ್ಲ, ರಕ್ತ ತಿಳಿಯಾಗುವತನಕ ಅಲ್ಲೇ ಹಗ್ಗ ಹಿಡಿದು. ಕೈಯಲ್ಲಿ ಸುತ್ತಿಗೆಯಿಲ್ಲ, ಹಿತ್ತಾಳೆಯಿಲ್ಲ, ಬ್ಯಾಟರಿಯೂ ಇಲ್ಲ. ಮೇಲೆ ನೋಡಿದರು. ಗಾಜಿನ ಹಿಂದೆ ಕಣ್ಣು ಅಷ್ಟು ದೊಡ್ಡದಾಗಿದ್ದದ್ದನ್ನು ಅವಳು ಎಂದೂ ನೋಡಿರಲಿಲ್ಲ, ನೋಡಿದರು, ನೋಡಿದರು, ಎದೆ ಏರಿ ಇಳಿದು ಏರಿ. ಮೇಲೆ ಬಂದು ಏನನ್ನುತ್ತಾರೆ, ಏನೂ ಆಗಲಿಲ್ಲಲ್ಲ ಅನ್ನುತ್ತಾರೆಯೇ, ಯಾಕ ಬಂದಿ ಅನ್ನುತ್ತಾರೆಯೇ, ತಾನು ಏನನ್ನಬೇಕು, ಮೊದಲ ಮಾತು ಯಾರದು, ಇವರು ಮೇಲೆ ಬರುವಂತಿಲ್ಲ, ತಾನು ಕೆಳಗೆ ಹೋಗುವಂತಿಲ್ಲ, ನಡುವೆ ಹತ್ತಡಿ ನೀರು, ಒಂದು ಕೈ ಹಗ್ಗ ಬಿಟ್ಟಿತು, ಮೇಲಕ್ಕೆ ಚಾಚಿತು, ಬಿಚ್ಚಿಕೊಂಡಿತು, ಐದು ನಿಮಿಷ, ಹಳದಿ, ಐದು ಬೆರಳು, ಈ ಸಲ ಹಿಂದೆ ಸರಿಯುವುದಿಲ್ಲ, ಬ್ಯಾಟರಿಯ ಬೆಳಕಿಲ್ಲದೆಯೂ ಹಳದಿ, ಐದೂ ತನ್ನ ಕಡೆಗೇ, ಐದು ಬೆರಳು, ಹಳದಿ, ಐದು