ಗಡಿಯಾರದ ಕೀಲಿಗೆ ಅಂಟಿದ ಹಿಟ್ಟು

ನಮ್ಮ ಭಾವ ತುಂಬಾ ಒಳ್ಳೆಯವರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆಯ ಮೇಲ್ವಿಚಾರಕರಾಗಿದ್ದವರು ನಿವೃತ್ತರಾದ ಮರುದಿನವೇ, ಹೆಂಡತಿಗೆ ನೆರವಾಗೋಣವೆಂದು ತೋಳೇರಿಸಿಕೊಂಡು ಅಕ್ಕನ ಬೇಕರಿಗೆ ಬಂದರು. ಅದುವರೆಗೆ ಅವರು ಅಂಗಡಿಯ ಒಳಕೋಣೆಗೆ ಕಾಲಿಟ್ಟದ್ದೇ ಅಪರೂಪ. ಒಲೆಯ ಪಕ್ಕದ ಗೂಡಿನಲ್ಲಿ ಒಂದು ಮಣ್ಣಿನ ಜಾಡಿ ಕಂಡಿತು. ಮುಚ್ಚಳ ತೆಗೆದರೆ ಬೂದುಬಣ್ಣದ ಹಿಟ್ಟು, ಮೇಲೆ ಗುಳ್ಳೆ, ಮೂಗಿಗೆ ಹುಳಿ ಹುಳಿ ವಾಸನೆ. ಯಾರೋ ಮರೆತು ಕೊಳೆಯಲು ಬಿಟ್ಟಿದ್ದಾರೆಂದು ಅದನ್ನು ಚೆಲ್ಲಿ, ಕುದಿಯುವ ನೀರು ಸುರಿದು, ಸೋಪು ಹಾಕಿ ಉಜ್ಜಿ, ಹೊಳೆಯುವ ಜಾಡಿಯನ್ನು ಬಿಸಿಲಿಗೆ ಬೋರಲು ಹಾಕಿ, ಹೊಗಳಿಕೆಗಾಗಿ ಕಾಯುತ್ತಾ ನಿಂತರು.

ಅದು ಅಮ್ಮನ ತಾಯಿಹಿಟ್ಟು, ಮೊಸರಿಗೆ ಹೆಪ್ಪಿದ್ದಂತೆ ಬ್ರೆಡ್ಡಿಗೆ. ಅಮ್ಮ ಹರೆಯದಲ್ಲಿ ಕಲಸಿ ಹುಳಿಬರಿಸಿದ್ದು. ದಿನಾ ಒಂದು ಮುಷ್ಟಿ ತೆಗೆದು ಬ್ರೆಡ್ಡಿಗೆ ಬೆರೆಸುವುದು, ಒಂದು ಮುಷ್ಟಿ ಹೊಸ ಹಿಟ್ಟು ಉಣಿಸುವುದು. ಅಮ್ಮ ಹೋದ ಮೇಲೂ ಅಕ್ಕ ಒಂದು ದಿನ ತಪ್ಪಿಸಿರಲಿಲ್ಲ.

ಅಕ್ಕ ಜಾಡಿ ನೋಡಿ ಕೆಳಗೆ ಕುಳಿತುಬಿಟ್ಟಳು. ಆಮೇಲೆ ಎದ್ದು, ಕಣ್ಣೊರೆಸಿಕೊಳ್ಳುತ್ತಲೇ ಅದೇ ಜಾಡಿಯಲ್ಲಿ ಬರಿಗೈಯಲ್ಲಿ ಹೊಸ ಹಿಟ್ಟು ಕಲಸಿಟ್ಟಳು. ಅದೇನೋ ಉಬ್ಬಿತು, ಬ್ರೆಡ್ಡೂ ಆಯಿತು, ರುಚಿ ಮಾತ್ರ ಸಪ್ಪೆ. ಭಾವ ಪಶ್ಚಾತ್ತಾಪದಿಂದ ಒಂದು ಡಬ್ಬಿ ರಬ್ಬರ್ ಕೈಗವಸು ತಂದುಕೊಟ್ಟು, ಇನ್ನು ಮೇಲೆ ಯಾರ ಕೈಯೂ ಹಿಟ್ಟಿಗೆ ತಾಗಬಾರದೆಂದು ಕಟ್ಟುನಿಟ್ಟು ಮಾಡಿದರು. ಅಂದಿನಿಂದ ನಾನು ಅವರನ್ನು ಸೋಪು ಭಾವ ಎಂದೇ ಕರೆಯುವುದು.

"ಬೋರ್ಡಲ್ಲಿ 'ಅಮ್ಮನ ಬ್ರೆಡ್' ಅಂತಿದೆ," ಎಂದಳು ಅಕ್ಕ ನನಗೆ. "ಇದರಲ್ಲಿ ಅಮ್ಮ ಎಲ್ಲಿದ್ದಾಳೆ? ಸುಳ್ಳು ಬೋರ್ಡ್ ಕೆಳಗೆ ನಿಂತು ನಾನು ವ್ಯಾಪಾರ ಮಾಡಲ್ಲ. ಸೋಮವಾರ ಪೇಂಟರ್ ಬರ್ತಾನೆ, ಅಳಿಸಿಬಿಡ್ತಾನೆ."

ಅವಳು ಹಟ ಹಿಡಿದರೆ ಮುಗಿಯಿತು. ಆ ಬೋರ್ಡಿನ ಅಕ್ಷರಗಳನ್ನು ಅಮ್ಮ ಕುರ್ಚಿ ಹತ್ತಿ ತಾನೇ ಬರೆದದ್ದು. ಪೇಂಟರ್ ಬರುವುದರೊಳಗೆ ನಾನು ಏನಾದರೂ ಮಾಡಬೇಕಿತ್ತು.

ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತ್ತು. ಅಮ್ಮ ಕೇಳಿದವರಿಗೆಲ್ಲ ತಾಯಿಹಿಟ್ಟು ಕೊಡುತ್ತಿದ್ದವಳು. ಎದುರು ಮನೆಯ ಟೀಚರ್ ಒಂದು ಗಾಜಿನ ಬಾಟಲಿ ಹಿಡಿದು ಬಂದರು. "ಇದು ಅಪ್ಪಟ ನಿಮ್ಮಮ್ಮಂದೇ." ಮೂಲೆ ಅಂಗಡಿಯ ಕ್ಷೌರಿಕ ಇನ್ನೊಂದು ತಂದ. "ಟೀಚರ್‌ದು ಬಿಡಿ, ನಿಜವಾದದ್ದು ಇದು." ಎರಡರ ವಾಸನೆಗೂ ಒಂದಕ್ಕೊಂದು ಸಂಬಂಧವಿಲ್ಲ. ಯಾವುದನ್ನು ನಂಬುವುದು?

ಅಲ್ಲಿಗೆ ನನ್ನ ಸರದಿ ಬಂತು. ನಾನು ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನೀರಲ್ಲಿ ಯಾವ ಯಾವ ಸೂಕ್ಷ್ಮಜೀವಿ ಇದೆಯೆಂದು ಅವುಗಳ ಡಿಎನ್‌ಎ ಓದಿ ಹೇಳುತ್ತೇವೆ. ಓದುವ ಯಂತ್ರ ಅಂಗೈಯಲ್ಲಿ ಕೂರುವಷ್ಟೇ. ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ತೆಳ್ಳನೆಯ ಪೊರೆ, ಪೊರೆಯ ತುಂಬ ಕಣ್ಣಿಗೆ ಕಾಣದ ತೂತುಗಳು, ಪ್ರತಿ ತೂತಿನಲ್ಲೂ ಒಂಚೂರು ವಿದ್ಯುತ್ತು. ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗೆ ಡಿಎನ್‌ಎ ಎಳೆ ಆ ತೂತಿನಲ್ಲಿ ನುಸುಳುತ್ತದೆ. ಒಳಗಿರುವ ಅಕ್ಷರಗಳಿಗೆ ತಕ್ಕಂತೆ ವಿದ್ಯುತ್ತು ನಡುಗುತ್ತದೆ, ಆ ನಡುಕವನ್ನು ನೋಡಿ ಕಂಪ್ಯೂಟರ್ ಅಕ್ಷರ ಓದುತ್ತದೆ. ಎಷ್ಟು ಸಲ ಕಂಡರೂ ನನಗೆ ಇದು ಬೇಸರವಾಗಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಧಿ ಮುಗಿದು ಎಸೆಯಬೇಕಾಗಿದ್ದ ಒಂದು ಚಿಪ್ಪನ್ನು ಕೈಗಿಟ್ಟು, "ರಜೆ ದಿನ ಮಾಡ್ಕೊ. ಬ್ರೆಡ್ ಸರಿಹೋದ್ರೆ ನನಗೊಂದು," ಎಂದರು.

ಟೀಚರ್ ಬಾಟಲಿ, ಕ್ಷೌರಿಕನ ಬಾಟಲಿ ಎರಡೂ ಸಿದ್ಧ. ಹೋಲಿಸಿ ನೋಡಲು ಅಮ್ಮನ ಅಸಲಿ ಹಿಟ್ಟು ಬೇಕಲ್ಲ? ಭಾವ ಉಜ್ಜದ ವಸ್ತು ಆ ಬೇಕರಿಯಲ್ಲಿ ಉಳಿದಿತ್ತೇ? ಹುಡುಕಿ ಹುಡುಕಿ ಸಾಕಾಗಿ ನಿಂತಾಗ ಗೋಡೆ ಗಡಿಯಾರದ ಹಿಂದೆ ಮೊಳೆಗೆ ತೂಗುತ್ತಿದ್ದ ಹಿತ್ತಾಳೆ ಕೀಲಿ ಸಿಕ್ಕಿತು. ಅಮ್ಮ ಹಿಟ್ಟು ನಾದುವ ನಡುವೆ ಕೈ ತೊಳೆಯದೆಯೇ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಳು. ಕೀಲಿಯ ಸಂದಿಯಲ್ಲಿ ಹಿಟ್ಟು ಒಣಗಿ ಕಲ್ಲಾಗಿ ಕುಳಿತಿತ್ತು. ಅದರಲ್ಲಿ ಜೀವವಿರಲಿಲ್ಲ, ಆದರೆ ಓದಲು ಜೀವ ಬೇಕಿಲ್ಲ, ಎಳೆ ಉಳಿದಿದ್ದರೆ ಸಾಕು. ಮುತ್ತಿಟ್ಟು ಚೀಲಕ್ಕೆ ಹಾಕಿಕೊಂಡೆ.

ಜತೆಗೆ ಅಕ್ಕನ ಸಪ್ಪೆ ಹಿಟ್ಟಿನಿಂದಲೂ ಒಂದು ಚಿಟಿಕೆ ತೆಗೆದೆ. ಅಮ್ಮನದಲ್ಲದ ಹಿಟ್ಟು ಹೇಗಿರುತ್ತದೆಂದು ತಿಳಿಯಲು. ನಮ್ಮ ಕೆಲಸದಲ್ಲಿ ಅದು ವಾಡಿಕೆ, ಇಲ್ಲದ್ದನ್ನೂ ಒಮ್ಮೆ ಓದಿ ನೋಡುವುದು.

ಶನಿವಾರ ಭಾವ ಹಟ ಮಾಡಿ ನನ್ನೊಂದಿಗೆ ಬಂದರು. ಗಾಜಿನ ಬಾಗಿಲಾಚೆ ಕುರ್ಚಿ ಹಾಕಿ ಕೂರಿಸಿದೆ. ನಾಲ್ಕೂ ಹಿಟ್ಟುಗಳ ಎಳೆ ಬಿಡಿಸಿ, ಒಂದೊಂದರ ಎಳೆಗೂ ಗುರುತಿಗೆಂದು ಬೇರೆ ಬೇರೆ ಡಿಎನ್‌ಎ ತುಣುಕು ಅಂಟಿಸಿ, ಒಟ್ಟಿಗೆ ಬೆರೆಸಿ, ಚಿಪ್ಪಿಗೆ ತುಂಬಿಸಲು ಕೂತೆ. ಇಲ್ಲಿ ಉಸಿರು ಬಿಗಿಹಿಡಿಯಬೇಕು. ಒಂದೇ ಒಂದು ಗಾಳಿಗುಳ್ಳೆ ಒಳಗೆ ಹೋದರೆ ಅದು ಸವರಿದ ತೂತುಗಳೆಲ್ಲ ಸತ್ತಂತೆ. ಹನಿ ಬಿಡುವ ಪಿಪೆಟ್ಟಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಒತ್ತುತ್ತಿದ್ದೆ.

ಟಕ್ ಟಕ್! "ಆ ಟೇಬಲ್ ಒರೆಸಿದ್ದೀಯಾ?" ಎಂದು ಭಾವ ಗಾಜು ತಟ್ಟಿದರು.

ಬೆಚ್ಚಿದೆ. ಗುಳ್ಳೆ ಹೋಯಿತು. ಪರದೆಯ ಮೇಲೆ ಹಸಿರಾಗಿದ್ದ ತೂತುಗಳು ನನ್ನ ಕಣ್ಣೆದುರೇ ಸಾಲು ಸಾಲಾಗಿ ಕಪ್ಪಾದವು.

"ಭಾವಾ! ನಿಮ್ಮ ಸೋಪಿಗೆ, ನಿಮ್ಮ ಒರೆಸೋ ಬಟ್ಟೆಗೆ, ನಿಮ್ಮ ಒಳ್ಳೆತನಕ್ಕೆ ದೊಡ್ಡ ನಮಸ್ಕಾರ! ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ!"

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದೆಂದು ಊರಿಗೆಲ್ಲ ಗೊತ್ತು. ಭಾವ ಮುದುಡಿಕೊಂಡರು. ನನಗೂ ಅಯ್ಯೋ ಅನ್ನಿಸಿತು. ಅಳಿದುಳಿದ ತೂತುಗಳನ್ನೇ ನೆಚ್ಚಿಕೊಂಡು ಯಂತ್ರ ಚಾಲೂ ಮಾಡಿದೆ.

ನಿಧಾನ, ಆದರೆ ಓದಿತು. ಕೀಲಿಯ ಹಿಟ್ಟಿನಲ್ಲಿ ಹುಳಿ ಮಾಡುವ ಒಂದು ವಿಚಿತ್ರ ಜೀವಿ ಸಿಕ್ಕಿತು. ಅದರ ಡಿಎನ್‌ಎ ನಡುವೆ ನಾನು ಬೇರೆಲ್ಲೂ ಕಾಣದ ಒಂದು ಉದ್ದನೆಯ ತುಂಡು, ಅಮ್ಮನ ಹಾಗೆಯೇ ತನ್ನದೇ ದಾರಿ ಹಿಡಿದದ್ದು. ಕ್ಷೌರಿಕನ ಬಾಟಲಿಯಲ್ಲಿ ಅದರ ಸುಳಿವಿಲ್ಲ. ಟೀಚರ್ ಬಾಟಲಿಯಲ್ಲಿದ್ದದ್ದು ಅಂಗಡಿಯ ಪೊಟ್ಟಣದ ಯೀಸ್ಟ್. ಅಮ್ಮನ ಹಿಟ್ಟನ್ನು ಎಂದೋ ಕೊಂದು, ಸದ್ದಿಲ್ಲದೆ ಪೊಟ್ಟಣ ಒಡೆದಿದ್ದಾರೆ! ಅವರ ಮರ್ಯಾದೆ ಉಳಿಸಲು ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಬಿಟ್ಟು.

ಹಾಗಾದರೆ ಅಮ್ಮ ಎಲ್ಲೂ ಇಲ್ಲ. ಸುಮ್ಮನೆ ಕೊನೆಯದನ್ನೂ ತೆರೆದೆ.

ಅಕ್ಕನ ಸಪ್ಪೆ ಹಿಟ್ಟು. ಅದರಲ್ಲಿ, ಸ್ವಲ್ಪವೇ ಸ್ವಲ್ಪ, ಅದೇ ಜೀವಿ, ಅದೇ ತುಂಡು.

"ಥೂ, ಗುರುತು ಅದಲುಬದಲು ಮಾಡಿದ್ದೀನಿ," ಎಂದು ನನ್ನ ತಲೆ ನಾನೇ ಚಚ್ಚಿಕೊಂಡೆ. ಸೋಪು ಕಂಡ ಜಾಡಿಯಲ್ಲಿ ಅದು ಹೇಗೆ ಬಂದೀತು? ಭಾವ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಅವರ ಕೈಗಳಲ್ಲಿ ರಬ್ಬರ್ ಕೈಗವಸು. ಆ ಕೈಗವಸು ನೋಡುತ್ತಾ ನೋಡುತ್ತಾ ನನಗೆ ಝುಂ ಎಂದಿತು. ಅಕ್ಕ ಮೊದಲ ದಿನ ಬರಿಗೈಯಲ್ಲಿ ಕಲಸಿದ್ದಳು!

"ಭಾವಾ, ಕೇಳಿ! ನಾಳೆ ಬೆಳಿಗ್ಗೆ ಅಕ್ಕನ್ನ ಕರ್ಕೊಂಡು ಬನ್ನಿ. ಕೈ ತೊಳೆಸಿದ್ರೆ ಕೊಂದುಬಿಡ್ತೀನಿ!"

ಭಾನುವಾರ ಅಕ್ಕ ಗೊಣಗುತ್ತಾ ಬಂದಳು. ಅವಳ ಉಗುರು ಸಂದಿ, ಬೆರಳ ಸಂದಿಗಳನ್ನು ಹತ್ತಿಯಿಂದ ಸವರಿದೆ. ಹಿಟ್ಟನ್ನೂ ಹೊಸದಾಗಿ ತೆಗೆದು, ಹೊಸ ಗುರುತು ಹಾಕಿದೆ. ಚಿಪ್ಪಿನಲ್ಲಿ ಬದುಕಿದ್ದದ್ದು ಬೆರಳೆಣಿಕೆಯ ತೂತುಗಳು. ಮೂವರೂ ಪರದೆಗೆ ಕಣ್ಣು ನೆಟ್ಟು ಕೂತೆವು. ಗೆರೆಗಳು ನಡುಗಿದವು, ಅಕ್ಷರಗಳು ಬಂದವು. ಹಿಟ್ಟಿನಲ್ಲಿ ಅಮ್ಮನ ತುಂಡು. ಅಕ್ಕನ ಕೈಯಲ್ಲೂ ಅಮ್ಮನ ತುಂಡು.

"ಅಂದ್ರೆ?" ಎಂದಳು ಅಕ್ಕ.

"ಅಂದ್ರೆ, ಹುಡುಗಿಯಾಗಿದ್ದಾಗಿಂದ ಆ ಹಿಟ್ಟಲ್ಲೇ ಕೈ ಇಟ್ಟಿದ್ದೀಯಲ್ಲ, ಅದು ನಿನ್ನ ಚರ್ಮದಲ್ಲೇ ಮನೆ ಮಾಡ್ಕೊಂಡಿದೆ. ಭಾವ ಚೆಲ್ಲಿದ್ದನ್ನ ನೀನು ಅವತ್ತೇ ವಾಪಸ್ ಹಾಕಿದ್ದೀಯ. ಆಮೇಲೆ ಕೈಗವಸು ಹಾಕ್ಕೊಂಡು ಅಡ್ಡಗೋಡೆ ಕಟ್ಟಿದ್ದೀಯ, ಅಷ್ಟೇ!"

ಅಕ್ಕ ತನ್ನ ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಭಾವ ಕೈಗವಸುಗಳನ್ನು ಒಂದೊಂದಾಗಿ ಕಳಚಿ ಕಸದ ಡಬ್ಬಿಗೆ ಹಾಕಿದರು. ನನಗೆ ಖುಷಿ ತಡೆಯಲಾಗದೆ ಅವರನ್ನು ತಬ್ಬಿಕೊಂಡೆ.

ಸೋಮವಾರ ಬೆಳಿಗ್ಗೆ ಪೇಂಟರ್ ಏಣಿ ಒರಗಿಸಿ ನಿಂತಾಗ ಅಕ್ಕ ಮೊಣಕೈವರೆಗೂ ಹಿಟ್ಟಿನಲ್ಲಿದ್ದಳು. ರುಚಿ ಇನ್ನೂ ಪೂರ್ತಿ ಬಂದಿರಲಿಲ್ಲ. ಕ್ಷೌರಿಕ ಒಂದು ತುಂಡು ತಿಂದು ಮುಖ ಸಿಂಡರಿಸಿ, ಇನ್ನೊಂದಕ್ಕೆ ಕೈ ಚಾಚಿದ.

"ಅಳಿಸ್ಲಾ ಅಮ್ಮಾ?" ಎಂದು ಪೇಂಟರ್ ಮೇಲಿನಿಂದ ಕೂಗಿದ.

"ಮುಟ್ಟಿದ್ರೆ ನೋಡು!" ಎಂದಳು ಅಕ್ಕ. "ಧೂಳು ಒರೆಸಿ ಇಳಿ. ಸೋಪು ಬೇಡ, ಒಣ ಬಟ್ಟೆ ಸಾಕು."

ಒಣ ಬಟ್ಟೆ ತರಲು ಭಾವ ಆಗಲೇ ಓಡಿದ್ದರು.